ಕೊನೆಯವಳ ಹಿಂದಿನ ವ್ಯಾನು

ನಿಧಾನಪ್ಪ ಆ ದಿನ ಪೇಚಿಗೆ ಸಿಕ್ಕಿಹಾಕಿಕೊಂಡದ್ದಕ್ಕೆ ಕಾರಣ ಅವನ ಒಳ್ಳೆಯ ಹೆಸರು. ಲಾಂಡ್ರಿಯ ವ್ಯಾನಿನಲ್ಲಿ ಇಸ್ತ್ರಿ ಮಾಡಿದ ಹಾಸಿಗೆ ಬಟ್ಟೆಗಳನ್ನು ಆಸ್ಪತ್ರೆಗೆ, ಹೋಟೆಲುಗಳಿಗೆ ಮುಟ್ಟಿಸುವುದು ಅವನ ಕೆಲಸ. ಹದಿನಾಲ್ಕು ವರ್ಷದಲ್ಲಿ ಒಂದು ದುಪ್ಪಟಿಯ ಮಡಿಕೆಯನ್ನೂ ಕೆಡಿಸಿದವನಲ್ಲ. ತಲೆಯ ಮೇಲೆ ತುಂಬಿದ ಕೊಡ ಹೊತ್ತವನಂತೆ ಗಾಡಿ ಬಿಡುತ್ತಿದ್ದ. ಸೈಕಲ್ಲಿನ ಮುದುಕರು ಬೆಲ್ ಹೊಡೆದು ಅವನನ್ನು ದಾಟಿ ಹೋಗುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದು, ಉಳಿದೆಲ್ಲರ ಬಾಯಲ್ಲಿ ಅವನು ನಿಧಾನಪ್ಪನೇ ಆಗಿದ್ದ.

ಹಾಗಾಗಿ ಓಟದ ಸಂಘದವರು ಹುಡುಗಿಯರ ಹದಿನೆಂಟು ಕಿಲೋಮೀಟರ್ ಓಟದ ಹಿಂದೆ ಹೋಗಲು ಒಂದು ಗಾಡಿ ಬೇಕೆಂದಾಗ, ಲಾಂಡ್ರಿ ಮಾಲೀಕರು ಅವನನ್ನೊಂದು ಮಾತೂ ಕೇಳದೆ ಒಪ್ಪಿಕೊಂಡುಬಿಟ್ಟರು. ಓಡುವ ಹುಡುಗಿಯರ ಹಿಂದೆ ಕಾಲು ತುರಿಸದೆ ಗಾಡಿ ಬಿಡುವವನು ಊರಲ್ಲಿ ಇವನೊಬ್ಬನೇ ಎಂದು ಹೊಗಳಿಯೂ ಬಂದರು.

ಸಂಘದ ಕಾರ್ಯದರ್ಶಿ ಬೆಳಿಗ್ಗೆ ಮೈದಾನದಲ್ಲಿ ಕೆಲಸ ವಿವರಿಸಿದರು. ವ್ಯಾನು ಎಲ್ಲರಿಗಿಂತ ಹಿಂದೆ ಇರಬೇಕು. ದಾರಿಯಲ್ಲಿ ಕೂತವರನ್ನು ಹತ್ತಿಸಿಕೊಳ್ಳಬೇಕು. ಯಾವ ಕಿಲೋಮೀಟರ್ ಕಲ್ಲನ್ನು ಎಷ್ಟು ಹೊತ್ತಿಗೆ ದಾಟಬೇಕೆಂದು ಪಟ್ಟಿಯಿದೆ, ಅದರಂತೆಯೇ ಹೋಗಬೇಕು. ವ್ಯಾನು ಯಾರನ್ನು ದಾಟುತ್ತದೋ ಅವರು ಪಂದ್ಯದಿಂದ ಹೊರಗೆ, ಅಳುವುದು ಕರೆಯುವುದು ಏನೂ ನಡೆಯುವುದಿಲ್ಲ. ನಿಧಾನಪ್ಪ ಎಲ್ಲಕ್ಕೂ ತಲೆಯಾಡಿಸಿದ. ಓಡುವ ಮೂವತ್ತನಾಲ್ಕು ಹುಡುಗಿಯರಲ್ಲಿ ಒಬ್ಬಳು ತನ್ನ ಮಗಳು ಎಂಬುದನ್ನು ಕಾರ್ಯದರ್ಶಿ ಕೇಳಲಿಲ್ಲ, ಅವನು ಹೇಳಲಿಲ್ಲ.

ಬಸ್ಸು ಹೊರಟುಹೋಗುತ್ತಿದ್ದರೂ ಓಡಿ ಹಿಡಿಯದೆ ಮುಂದಿನ ಬಸ್ಸಿಗೆ ಕಾಯುವ ವಂಶ ಅವನದು. ಅಂಥ ಮನೆಯಲ್ಲಿ ಇಂಥ ಕಾಲುಗಳು ಹೇಗೆ ಹುಟ್ಟಿದವೆಂಬುದು ಅವನಿಗೆ ಇನ್ನೂ ಬಗೆಹರಿದಿರಲಿಲ್ಲ. ಹದಿನಾರರ ಮಗಳು ಮೂರು ವರ್ಷದಿಂದ ಓಡುತ್ತಿದ್ದಳು. ಇಸ್ತ್ರಿ ಮಾಡುವವರು, ನೆರೆಹೊರೆಯವರು, ಆಸ್ಪತ್ರೆಯ ಕಾವಲುಗಾರ, ಯಾರು ಸಿಕ್ಕರೂ ಅವನು ಅವಳ ನಿಮಿಷ ಸೆಕೆಂಡುಗಳನ್ನು ಒಪ್ಪಿಸುತ್ತಿದ್ದ. ಕೇಳುವವರಿಗೆ ಆಕಳಿಕೆ ಬಂದರೆ, ಪಾಪ ಇವರಿಗೆ ನಿದ್ದೆ ಸಾಲದು ಎಂದುಕೊಳ್ಳುತ್ತಿದ್ದ.

ವ್ಯಾನಿನಲ್ಲಿ ಅವನ ಪಕ್ಕ ಕೂತವರು ದಾದಿಯಮ್ಮ. ಆಸ್ಪತ್ರೆಯಿಂದ ನಿವೃತ್ತರಾಗಿ ಅವನ ಪಕ್ಕದ ಮನೆಯಲ್ಲೇ ಇದ್ದ ಅವರು ಬೀದಿಯ ಎಲ್ಲರ ಆರೋಗ್ಯವನ್ನೂ ಕೇಳದಿದ್ದರೂ ನೋಡಿಕೊಳ್ಳುತ್ತಿದ್ದರು. ಸಂಘದವರು ಅವರ ಕೈಗೆ ಒಂದು ಗಡಿಯಾರ, ಕಲ್ಲುಗಳ ಪಟ್ಟಿ ಮತ್ತು ಓಟ ಬಿಟ್ಟವರ ಹೆಸರು, ಕಾರಣ ಬರೆಯುವ ಹಾಳೆ ಕೊಟ್ಟಿದ್ದರು. ಕಾರಣದ ಜಾಗ ಹೆಬ್ಬೆರಳಿನಷ್ಟು ಅಗಲವಿತ್ತು.

ಐದನೇ ಕಲ್ಲಿನಿಂದ ಹುಡುಗಿಯರು ಉದುರತೊಡಗಿದರು. ಮೊದಲನೆಯವಳು ಬೇಕರಿಯ ಮುಂದೆ ಕೂತಿದ್ದಳು. ಎಂಟು ತಿಂಗಳಿಂದ ಬ್ರೆಡ್ಡು ಮುಟ್ಟಿರಲಿಲ್ಲವಂತೆ, ವಾಸನೆ ಬಂದದ್ದೇ ಕಾಲು ನಿಂತುಹೋಯಿತಂತೆ. ಎರಡನೆಯವಳು ಯಾವಾಗಲೂ ಮೊದಲು ಬರುವವಳು. ಇವತ್ತು ಇಬ್ಬರು ಮುಂದೆ ಹೋಗಿದ್ದರು, ಮೂರನೆಯ ಸ್ಥಾನ ತಗೊಂಡು ಮನೆಗೆ ಹೋಗೋ ಹಾಗಿಲ್ಲ ಎಂದಳು. ಇನ್ನೊಬ್ಬಳ ತಾಯಿ ಹನ್ನೊಂದನೇ ಕಲ್ಲಿನ ಹತ್ತಿರ ಬಾಟಲಿ ಹಿಡಿದು ಕೂಗಲು ನಿಂತಿದ್ದರು. ಅದಕ್ಕೇ ಹತ್ತರಲ್ಲಿ ನಿಲ್ಲಿಸಿದೆ ಎಂದಳು ಅವಳು. ಜೊತೆಯವಳು ನಿಂತಳೆಂದು ಒಬ್ಬಳು ನಿಂತಿದ್ದಳು, ಒಬ್ಬಳೇ ಓಡಿದರೆ ಮಾತಾಡೋಕೆ ಯಾರಿದ್ದಾರೆ ಎಂದು ತಿರುಗಿ ಕೇಳಿದಳು. ದಾದಿಯಮ್ಮ ಜಾಗ ನೋಡಿಕೊಂಡು ಎಲ್ಲರ ಹೆಸರಿನ ಮುಂದೆಯೂ 'ಹೊಟ್ಟೆನೋವು' ಎಂದು ಬರೆದರು.

ಬಹಳ ಎತ್ತರದ ಒಬ್ಬಳು ಮಾತ್ರ ಕಾರಣ ಕೇಳಿದಾಗ ತಲೆ ಕೆರೆದುಕೊಂಡಳು. "ಗೊತ್ತಿಲ್ಲ ಆಂಟಿ. ಇಷ್ಟು ವರ್ಷ ಯಾಕೆ ಓಡ್ತೀಯ ಅಂತ ಯಾರೂ ಕೇಳಿರ್ಲಿಲ್ಲ. ಅದನ್ನೇ ಯೋಚನೆ ಮಾಡ್ತಾ ಇದ್ದೀನಿ."

ನಿಧಾನಪ್ಪನಿಗೆ ಇವರೆಲ್ಲ ಬೇರೆ ಲೋಕದವರಂತೆ ಕಂಡರು. ಹತ್ತು ಕಿಲೋಮೀಟರು ಓಡಿ ವ್ಯಾನು ಹತ್ತಿದ ಹುಡುಗಿ ಎರಡು ನಿಮಿಷ ಏದುಸಿರು ಬಿಟ್ಟು, ಮೂರನೇ ನಿಮಿಷಕ್ಕೆ ಪಕ್ಕದವಳ ಜೊತೆ ಕಿಟಕಿಗಾಗಿ ಜಗಳ ತೆಗೆಯುತ್ತಿದ್ದಳು. ತಾನು ಮೂರು ಮೆಟ್ಟಿಲು ಹತ್ತಿದರೆ ಕಂಬ ಹಿಡಿದು ನಿಲ್ಲುವವನು. ಸೋತು ಬಂದವರೇ ಹೀಗಿದ್ದರೆ ಇನ್ನೂ ಓಡುತ್ತಿರುವವರು ಎಂಥವರಿರಬೇಕು ಎಂದು ಅವನ ಮೈ ಜುಮ್ಮೆಂದಿತು.

ಆದರೆ ಏಳನೇ ಕಲ್ಲು ದಾಟಿದ್ದೇ ಅವನ ಎದೆ ಬೇರೆ ಕಾರಣಕ್ಕೆ ಡವಗುಟ್ಟತೊಡಗಿತ್ತು. ಎಲ್ಲರಿಗಿಂತ ಹಿಂದೆ ಈಗ ಅವನ ಮಗಳೇ ಓಡುತ್ತಿದ್ದಳು. ವ್ಯಾನಿಗೂ ಅವಳಿಗೂ ನಲವತ್ತು ಹೆಜ್ಜೆಯ ಅಂತರ. ಅವಳು ಆಗಾಗ ತಿರುಗಿ ನೋಡುವಳು, ನೋಡಿದವಳು ನಿಧಾನಿಸುವಳು. ಅಯ್ಯೋ, ಕೂಸಿಗೆ ಸುಸ್ತಾಗಿದೆ ಎಂದು ಇವನೂ ನಿಧಾನಿಸುವನು. ಗಾಜಿನ ಹಿಂದಿನಿಂದ ಹಲ್ಲು ಕಾಣುವಷ್ಟು ನಕ್ಕು, ಹೆದರಬೇಡ ಎಂದು ಅಂಗೈ ತೋರಿಸುವನು. ಅವಳು ಮುಖ ತಿರುಗಿಸಿ ಮತ್ತೆ ಓಡುವಳು.

ದಾದಿಯಮ್ಮ ಗಡಿಯಾರ ನೋಡಿ ಗೊಣಗಿದರು. ಅವನು ಕನ್ನಡಿ ಒರೆಸಲು ಇಳಿದ. ಮತ್ತೆ ಗೊಣಗಿದರು. ರಸ್ತೆಯಂಚಿನಲ್ಲಿ ಸುಮ್ಮನೆ ನಿಂತಿದ್ದ ಒಬ್ಬ ಅಜ್ಜನನ್ನು ಕಂಡು ವ್ಯಾನು ನಿಲ್ಲಿಸಿ, ದಾಟಿ ಅಜ್ಜ ಎಂದು ಕೈ ಮಾಡಿದ. ಅಜ್ಜನಿಗೆ ಆಚೆ ಕಡೆ ಏನೂ ಕೆಲಸವಿರಲಿಲ್ಲ. ಆದರೂ ಇಷ್ಟು ದೊಡ್ಡ ಗಾಡಿ ತನಗಾಗಿ ನಿಂತಿದೆಯಲ್ಲ ಎಂದು ಮರ್ಯಾದೆಗೆ ದಾಟಿದರು. ದಾಟಿದ ಮೇಲೆ ಮನೆ ಈಚೆ ಇದೆಯೆಂದು ನೆನಪಾಗಿ ವಾಪಸ್ಸು ಹೊರಟರು. ನಿಧಾನಪ್ಪ ಅದಕ್ಕೂ ಕಾದ.

ಹದಿನೈದನೇ ಕಲ್ಲಿನಲ್ಲಿ ದಾದಿಯಮ್ಮನ ಸಹನೆ ಮುಗಿಯಿತು. "ನೋಡಪ್ಪಾ, ನಾಲ್ಕು ನಿಮಿಷ ತಡ ಆಗಿದೆ. ಅವಳು ನನ್ನ ಕಣ್ಮುಂದೆ ಬೆಳೆದ ಮಗು, ನನಗೂ ಹೊಟ್ಟೆ ಉರಿಯುತ್ತೆ. ಆದ್ರೆ ನಿಯಮ ನಿಯಮಾನೇ. ದಾಟಿಬಿಡು."

ನಿಧಾನಪ್ಪ ಯಾರಿಗೂ ಕಾಣದಂತೆ ಕೀಲಿ ತಿರುಗಿಸಿ ಇಂಜಿನ್ ಆರಿಸಿದ. ಕೆಟ್ಟೋಯ್ತು ಎಂದು ಮುಖ ಸಣ್ಣಗೆ ಮಾಡಿದ. ಹುಟ್ಟಿದಾಗಿನಿಂದ ಅವನು ಹೇಳಿದ ಮೊದಲ ದೊಡ್ಡ ಸುಳ್ಳು ಅದು. ಮಗಳು ತಿರುವಿನಲ್ಲಿ ಮರೆಯಾಗುವವರೆಗೆ ಬಾನೆಟ್ ಎತ್ತಿ ಒಳಗೆ ತಲೆಯಿಟ್ಟು ನಿಂತಿದ್ದು, ಬಂದು ಕೀಲಿ ತಿರುಗಿಸಿದರೆ ವ್ಯಾನು ಕೆಮ್ಮಿತು. ಇನ್ನೊಮ್ಮೆ ತಿರುಗಿಸಿದ, ಕೆಮ್ಮೂ ಇಲ್ಲ. ನಿಜವಾಗಿಯೇ ಕೆಟ್ಟಿತ್ತು.

ಹಿಂದೆ ಹತ್ತೊಂಬತ್ತು ಹುಡುಗಿಯರು ತಮ್ಮ ಬ್ಯಾಗು, ನೀರು ಎಲ್ಲ ಓಟ ಮುಗಿಯುವ ಜಾಗದಲ್ಲಿವೆ ಎಂದು ಗಲಾಟೆ ಎಬ್ಬಿಸಿದರು. ತಳ್ಳಿಕೊಂಡು ಹೋಗೋಣ ಎಂದಳು ಎತ್ತರದವಳು. ಬೇಡ ಬೇಡ ಎಂದು ನಿಧಾನಪ್ಪ ಹೇಳುವುದರೊಳಗೆ ಹೊಟ್ಟೆನೋವಿನವರೆಲ್ಲ ಕೆಳಗೆ ಹಾರಿ ವ್ಯಾನಿಗೆ ಕೈ ಹಚ್ಚಿಯಾಗಿತ್ತು.

ಆಮೇಲೆ ನಡೆದದ್ದನ್ನು ನಿಧಾನಪ್ಪ ಬದುಕಿರುವವರೆಗೂ ಮರೆಯಲಾರ. ನಾಲ್ಕು ಜನ ಗಂಡಸರು ಮಿಸುಕಾಡಿಸಲು ಆಗದ ವ್ಯಾನು ಆಟಿಕೆಯಂತೆ ಹೊರಟಿತು. ಕನ್ನಡಿಯಲ್ಲಿ ಕೆಂಪೇರಿದ ಮುಖಗಳು, ಹಾರುವ ಜಡೆಗಳು, ಒಟ್ಟಿಗೆ ಬೀಳುವ ಹೆಜ್ಜೆಗಳು. ಅವರು ನಗುತ್ತಿದ್ದರು, ಹಾಡುತ್ತಿದ್ದರು, ಒಬ್ಬಳಿಗೊಬ್ಬಳು ಬೈದುಕೊಳ್ಳುತ್ತಿದ್ದರು. ಓಟ ಬಿಟ್ಟವರು ಓಡುತ್ತಿದ್ದರು, ಅದೂ ಒಂದು ಲಾಂಡ್ರಿ ವ್ಯಾನನ್ನು ಮುಂದಿಟ್ಟುಕೊಂಡು. ಸೆಕೆಂಡು ಎಣಿಸುವವರು ಯಾರೂ ಇರಲಿಲ್ಲ. ಹದಿನೇಳನೇ ಕಲ್ಲು ಹೋದದ್ದೇ ತಿಳಿಯಲಿಲ್ಲ. ನಿಧಾನಪ್ಪ ಬಾಯಿ ಬಿಟ್ಟುಕೊಂಡು ಕನ್ನಡಿಯನ್ನೇ ನೋಡುತ್ತಿದ್ದ. ಮುಂದೆ ನೋಡಿದಾಗ ಇಳಿಜಾರು ಶುರುವಾಗಿತ್ತು, ಇಳಿಜಾರಿನ ನಡುವೆ ಅವನ ಮಗಳಿದ್ದಳು.

ಬ್ರೇಕ್ ತುಳಿದ. ಇಂಜಿನ್ ಆರಿದ ಗಾಡಿಯ ಬ್ರೇಕು ಕಲ್ಲಿನಂತೆ ಗಟ್ಟಿಯಾಗಿತ್ತು. ಮಗಳು ತಿರುಗಿ ನೋಡಿದಳು, ಪೂರ್ತಿ ನಿಧಾನಿಸಿ ರಸ್ತೆಯ ಬಲದಂಚಿಗೆ ಸರಿದಳು, ಕೈ ಎತ್ತಿ ಜೋರಾಗಿ ಬೀಸಿದಳು. ಅಪ್ಪಾ ಕಾಪಾಡು ಎನ್ನುತ್ತಿದ್ದಾಳೆಂದೇ ಅವನು ತಿಳಿದ. ಮುಂದೆ ಇನ್ನೂರು ಹೆಜ್ಜೆ ದೂರದಲ್ಲಿ ಓಟ ಮುಗಿಯುವ ಗೆರೆ, ಅಲ್ಲಿ ಜನ. ಹದಿನಾಲ್ಕು ವರ್ಷ ಒಂದು ಮಡಿಕೆ ಕೆಡಿಸದ ನಿಧಾನಪ್ಪ ಹಿಂದೆ ಮುಂದೆ ನೋಡದೆ ಕೈ ಬಿಡಿ ಎಂದು ಹುಡುಗಿಯರಿಗೆ ಕೂಗಿ, ಸ್ಟಿಯರಿಂಗನ್ನು ಎಡಕ್ಕೆ ಎಳೆದು, ವ್ಯಾನನ್ನು ಹುಲ್ಲಿನ ಹೊಂಡಕ್ಕೆ ಇಳಿಸಿಬಿಟ್ಟ.

ಯಾರಿಗೂ ಏನೂ ಆಗಲಿಲ್ಲ. ಮುಂದಿನ ಚಕ್ರವೊಂದು ಮಾತ್ರ ಮುರಿದ ಮೊಣಕೈಯಂತೆ ಹೊರಕ್ಕೆ ತಿರುಗಿತ್ತು. ದಾದಿಯಮ್ಮ ಮೊದಲು ತಮ್ಮ ನಾಡಿ ನೋಡಿಕೊಂಡು, ಆಮೇಲೆ ಅವನದನ್ನು ನೋಡಿದರು. ಮಗಳು ಹೊಂಡದ ಕಡೆ ಓಡಿಬರಲು ಹೊರಟಳು. ಅವನು ಓರೆಯಾದ ಕಿಟಕಿಯಿಂದ ಅರ್ಧ ಹೊರಬಂದು, ನನಗೇನೂ ಆಗಿಲ್ಲ, ನೀನು ಓಡು ಓಡು ಎಂದು ಎರಡೂ ಕೈ ಬೀಸಿದ. ಅವಳು ಒಂದು ಗಳಿಗೆ ನಿಂತು ಅವನನ್ನು ನೋಡಿದಳು. ಆಮೇಲೆ ಅಳುತ್ತಾ ಓಡಿದಳು. ಆನಂದಬಾಷ್ಪ ಎಂದು ಜನ ಚಪ್ಪಾಳೆ ತಟ್ಟಿದರು.

ಧ್ವನಿವರ್ಧಕದಲ್ಲಿ ಕಾರ್ಯದರ್ಶಿಯ ದನಿ ಕೇಳಿಬಂತು. ಮೊದಲ ಹದಿನೈದು ಜನ ಮುಂದಿನ ತಿಂಗಳ ಇಪ್ಪತ್ತೈದು ಕಿಲೋಮೀಟರ್ ಪಂದ್ಯಕ್ಕೆ ಆಯ್ಕೆಯಾಗಿದ್ದರು. ಓಟ ಮುಗಿಸಿದವರೇ ಹದಿನೈದು ಜನ, ಹದಿನೈದನೆಯವಳು ನಿಧಾನಪ್ಪನ ಮಗಳು.

ಅವನು ಹೊಂಡದ ದಂಡೆಯಲ್ಲಿ ಕೂತು ಹಿಗ್ಗಿನಿಂದ ಮೊಣಕಾಲಿನ ಕೆಸರು ಒರೆಸಿಕೊಳ್ಳುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ಕುಸಿದಳು.

"ಅಪ್ಪಾ, ಯಾಕೆ ದಾಟ್ಲಿಲ್ಲ?"

ಅವನಿಗೆ ಅರ್ಥವಾಗಲಿಲ್ಲ.

"ಏಳನೇ ಕಲ್ಲಿಂದ ಕಾಯ್ತಾ ಇದ್ದೆ. ನಾನು ನಿಧಾನ ಮಾಡಿದ್ರೆ ನೀನೂ ಮಾಡ್ತೀಯ. ಕೊನೆಗೆ ಹೋಗು ಹೋಗು ಅಂತ ಕೈ ಬೀಸಿದ್ರೆ ಹೊಂಡಕ್ಕೆ ಬಿಟ್ಟೆ."

"ಸುಮ್ನೆ ಕೂತ್ಬಿಡಬಹುದಿತ್ತಲ್ಲೇ."

"ನೀನು ಹಲ್ಲು ಬಿಟ್ಕೊಂಡು ನೋಡ್ತಿರುವಾಗ ಹೇಗೆ ಕೂತ್ಕೊಳ್ಲಿ? ವ್ಯಾನ್ ದಾಟಿದ್ರೆ ನಾನಾಗಿ ಬಿಟ್ಟೆ ಅಂತ ಆಗಲ್ಲ. ಓಡಿಸೋದು ನೀನು ಅಂತ ಗೊತ್ತಾದಾಗ, ಸದ್ಯ, ಮನೇಲಿ ಹೇಳೋ ಕೆಲಸಾನೂ ತಪ್ತು ಅಂದ್ಕೊಂಡಿದ್ದೆ." ಅವಳು ಶೂ ಬಿಚ್ಚತೊಡಗಿದಳು. "ಮೊದಲು ಓಡ್ತಾ ಇದ್ದೆ ಅಪ್ಪಾ. ಆಮೇಲೆ ಬರೀ ನಿಮಿಷ, ಸೆಕೆಂಡು. ನೀನು ಆ ಕಾವಲುಗಾರನಿಗೂ ಹೇಳಿದ್ದೀಯ. ಆಸ್ಪತ್ರೆ ಮುಂದೆ ಹೋದ್ರೆ ಅವನೂ ಗಡಿಯಾರ ನೋಡ್ತಾನೆ."

ನಿಧಾನಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಏಳರಿಂದ ಹದಿನೆಂಟು, ಹನ್ನೊಂದು ಕಿಲೋಮೀಟರು. ಬೇಡವೆನ್ನುವ ಮನಸ್ಸನ್ನು ಹೊತ್ತುಕೊಂಡು, ಒಬ್ಬ ಅಪ್ಪನ ನಗು ಕೆಡಬಾರದೆಂದು, ಈ ಕಾಲುಗಳು ಹನ್ನೊಂದು ಕಿಲೋಮೀಟರು ಓಡಿದ್ದವು. ಅಷ್ಟು ದೊಡ್ಡದನ್ನು ಅವನು ಎಲ್ಲೂ ಕಂಡಿರಲಿಲ್ಲ. ಮೂರು ವರ್ಷ ಊರಿಗೆಲ್ಲ ಒಪ್ಪಿಸಿದ ಸೆಕೆಂಡುಗಳು ಅದರ ಮುಂದೆ ಧೂಳಿನಂತಿದ್ದವು. "ನೀನು ಇನ್ನು ಓಡಲ್ಲ ಅಂತ ನಾನೇ ಹೇಳ್ತೀನಿ ಅವರಿಗೆ" ಎಂದು ಎದ್ದ.

ಕಾರ್ಯದರ್ಶಿ ನಂಬಲಿಲ್ಲ. ಹದಿನೈದು ಜನ ಬೇಕೇ ಬೇಕು, ಅವಳ ಬದಲು ಇನ್ನೊಬ್ಬಳನ್ನು ಕೊಡಿ ಎಂದು ಹಟ ಹಿಡಿದರು. ವ್ಯಾನು ತಳ್ಳಿ ಬಂದ ಹತ್ತೊಂಬತ್ತು ಜನರ ಕಡೆ ಆಸೆಯಿಂದ ತಿರುಗಿದರು. ಅಲ್ಲಿಯವರೆಗೆ ಕುಣಿಯುತ್ತಿದ್ದವರೆಲ್ಲ ಒಮ್ಮೆಗೇ ಹೊಟ್ಟೆ ಹಿಡಿದುಕೊಂಡು ಕುಂಟತೊಡಗಿದರು. ಕಾರ್ಯದರ್ಶಿ ಪಟ್ಟಿಯಲ್ಲಿ ಒಂದು ಹೆಸರು ಹೊಡೆದುಹಾಕಿ, ನಿಧಾನಪ್ಪನ ಮುಖ ನೋಡದೆ ಹೊರಟುಹೋದರು.

ಅಷ್ಟರಲ್ಲಿ ಲಾಂಡ್ರಿ ಮಾಲೀಕರು ಟ್ರ್ಯಾಕ್ಟರು, ಹಗ್ಗ ಸಮೇತ ಬಂದಿಳಿದರು. ಮುರಿದ ಚಕ್ರ ನೋಡಿ ಅವರ ಬಾಯಿ ಕಟ್ಟಿತು, ಕಟ್ಟಿದ್ದು ಬಿಚ್ಚಿದಾಗ ಹದಿನಾಲ್ಕು ವರ್ಷದ ಒಳ್ಳೆಯ ಹೆಸರು ನಾಲ್ಕು ವಾಕ್ಯದಲ್ಲಿ ಮುಗಿಯಿತು. ಗಾಡಿ ರಿಪೇರಿಯಾಗುವವರೆಗೆ ಆಸ್ಪತ್ರೆಯ ಬಟ್ಟೆಯನ್ನೆಲ್ಲ ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಬೇಕು, ಬೆಳಿಗ್ಗೆ ಎಂಟರೊಳಗೆ ಮುಟ್ಟಬೇಕು. ನಿಧಾನಪ್ಪ ಎಲ್ಲಕ್ಕೂ ಒಪ್ಪಿದ. ಆದರೆ ಟ್ರ್ಯಾಕ್ಟರಿನವನು ಹಗ್ಗ ಹಿಡಿದು ಹೊಂಡಕ್ಕೆ ಇಳಿಯಹೊರಟಾಗ ಅಡ್ಡ ನಿಂತ.

ವ್ಯಾನಿನೊಳಗೆ, ಓರೆಯಾದ ನೆಲದ ಮೇಲೆ, ಹಳೆಯ ಕಂಬಳಿಯೊಂದನ್ನು ಎಳೆದುಕೊಂಡು ಮಗಳು ನಿದ್ದೆ ಹೋಗಿದ್ದಳು. ಬರಿಗಾಲು ಹೊರಗೆ ಚಾಚಿತ್ತು. ಮೂರು ವರ್ಷದಲ್ಲಿ ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ಅವನು ಕಂಡಿರಲಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಇಣುಕಿ ನೋಡಿದರು. ಟ್ರ್ಯಾಕ್ಟರಿನವನು ಇಂಜಿನ್ ಆರಿಸಿದ.

ಮಾಲೀಕರು ದನಿ ತಗ್ಗಿಸಿ, ಇನ್ನೂ ಎಷ್ಟೊತ್ತು ಎಂದು ಕೇಳಿದರು.

"ಟೈಮ್ ಇಟ್ಟಿಲ್ಲ ಸಾರ್" ಎಂದ ನಿಧಾನಪ್ಪ.