ಮೂವತ್ತು ಸೆಕೆಂಡಿನ ಮೌನ

ಚಿತ್ರೀಕರಣದ ಕೊನೆಯ ದಿನ ಧ್ವನಿಗ್ರಾಹಕರು ಎಲ್ಲರಿಗೂ ಕೈಮುಗಿದು, "ಮೂವತ್ತೇ ಸೆಕೆಂಡ್ ಸುಮ್ನಿರಿ, ಈ ರೂಮಿನ ಖಾಲಿ ಸದ್ದು ತಗೊಂಡ್ಬಿಡ್ತೀನಿ" ಎಂದು ಬೇಡಿಕೊಂಡಿದ್ದರು. ಅಷ್ಟರಲ್ಲಿ ನಿರ್ದೇಶಕರು "ಪ್ಯಾಕಪ್!" ಎಂದು ಕೂಗಿದರು. ಆ ಕೂಗು ಮಾತ್ರ ಬಹಳ ಸ್ಪಷ್ಟವಾಗಿ ರೆಕಾರ್ಡ್ ಆಗಿತ್ತು.

ಎರಡು ತಿಂಗಳ ನಂತರ ಅದರ ಫಲ ಕಿವಿಯ ತಲೆಗೆ ಬಂತು. ಕಿವಿ ಎಂದರೆ ಆ ಸಿನಿಮಾದ ಸಂಭಾಷಣೆ ಸಂಕಲನಕಾರ. ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ನಟರ ಮಾತಿನಿಂದ ಕೆಮ್ಮು, ಸೀನು, ಕುರ್ಚಿಯ ಕಿರಗುಟ್ಟುವಿಕೆ ತೆಗೆದು, ಒಂದು ಟೇಕಿನ ಅರ್ಧ ಮಾತನ್ನು ಇನ್ನೊಂದು ಟೇಕಿನ ಅರ್ಧಕ್ಕೆ ಹೊಲಿಗೆ ಕಾಣದಂತೆ ಜೋಡಿಸುವುದು ಅವನ ಕೆಲಸ. ಹನ್ನೊಂದು ಸಿನಿಮಾ ಮುಗಿಸಿದ್ದ. ಒಂದರಲ್ಲೂ ಅವನ ಹೆಸರು ತೆರೆಯ ಮೇಲೆ ಬಂದಿರಲಿಲ್ಲ. ನಾಯಕನ ನಾಯಿಗೆ ನೀರು ಕುಡಿಸಿದವನ ಹೆಸರು ಬಂದಿತ್ತು. ಪ್ರತಿ ಸಲವೂ ಥಿಯೇಟರಿನಲ್ಲಿ ದೀಪ ಹತ್ತುವವರೆಗೆ ಕೂತಿರುತ್ತಿದ್ದ ಹೆಂಡತಿ, "ಈ ಸಲವೂ ಇಲ್ವಾ? ಭಾವ ನಿಜವಾಗ್ಲೂ ಸಿನಿಮಾದಲ್ಲೇ ಇರೋದಾ ಅಂತ ನನ್ ತಮ್ಮ ಕೇಳ್ತಾನೆ ಕಣ್ರೀ" ಎನ್ನುತ್ತಿದ್ದಳು.

ಹನ್ನೆರಡನೆಯದಾದ ಇದಕ್ಕೆ ನಿರ್ದೇಶಕರು ಆ ದಿನ ಬೆಳಿಗ್ಗೆ ಮಾತು ಕೊಟ್ಟರು. "ಟೈಟಲ್‌ನಲ್ಲಿ ಒಂದು ಹೆಸರಿಗೆ ಜಾಗ ಉಳಿದಿದೆ. ನೀನು ಹೇಳೋ ಆ ಸುತ್ತಿಗೆ ಸದ್ದು ಹೋಗಿ, ಅಪ್ಪ-ಮಗಳ ಸೀನ್ ಸಂಜೆ ನಾಲ್ಕಕ್ಕೆ ಸರಿಹೋದ್ರೆ ಆ ಜಾಗ ನಿಂದು."

ಚಿತ್ರೀಕರಣದ ದಿನ ಪಕ್ಕದಲ್ಲಿ ಕಟ್ಟಡ ಏಳುತ್ತಿತ್ತು. ಮಗಳು ಅತ್ತಾಗಲೆಲ್ಲ ಸುತ್ತಿಗೆಯ ಪೆಟ್ಟು. ಪೆಟ್ಟನ್ನು ಕತ್ತರಿಸಿದರೆ ಆ ಜಾಗ ತೂತು. ನೋಡುವವರಿಗೆ ಥಟ್ಟನೆ ಕಿವಿ ಮುಚ್ಚಿದಂತಾಗುತ್ತದೆ. ತೂತಿಗೆ ತೇಪೆ ಹಾಕಲು, ಯಾರೂ ಮಾತಾಡದಿದ್ದಾಗ ಅದೇ ಕೋಣೆಯಲ್ಲಿ ಉಳಿಯುವ ಖಾಲಿ ಸದ್ದೇ ಆಗಬೇಕು. ಬೇರೆ ಕೋಣೆಯದನ್ನು ಹಾಕಿದರೆ ಬಿಳಿ ಅಂಗಿಗೆ ಕಂಬಳಿಯ ತೇಪೆ ಹಚ್ಚಿದಂತೆ. ಮಾತುಗಳ ನಡುವಿನಿಂದಲೇ ಹೆಕ್ಕೋಣವೆಂದರೆ, ಅಪ್ಪನ ಪಾತ್ರಧಾರಿ ಸುಮ್ಮನಿದ್ದಾಗಲೂ ಅಭಿನಯಿಸುವವರು. ತಿದಿಯಂತೆ ಉಸಿರು ಬಿಟ್ಟಿದ್ದರು.

ಕಿವಿ ಮೈಕು, ರೆಕಾರ್ಡರ್ ಹೊತ್ತು ಚಿತ್ರೀಕರಣ ನಡೆದಿದ್ದ ಮೂರನೇ ಮಹಡಿಯ ಮನೆಗೆ ಹೊರಟ. ಪುಣ್ಯಕ್ಕೆ ಪಕ್ಕದ ಕಟ್ಟಡ ಮುಗಿದಿತ್ತು. ಬಾಗಿಲು ತೆರೆದವರು ಮನೆಯ ಯಜಮಾನರು, ನಿವೃತ್ತ ಮೇಷ್ಟ್ರು.

"ಏನು ರೆಕಾರ್ಡ್ ಮಾಡ್ತೀರಿ?"

"ಏನೂ ಇಲ್ಲ ಸಾರ್. ಸುಮ್ನಿರೋದನ್ನ."

"ಅದಕ್ಕೆ ಇಲ್ಲೀವರೆಗೆ ಬರ್ಬೇಕಿತ್ತಾ? ನಿಮ್ಮನೇಲಿ ಸುಮ್ನಿರೋಕೆ ಬಿಡಲ್ವಾ?"

ಮೊದಲ ಸಲ ಹನ್ನೊಂದನೇ ಸೆಕೆಂಡಿಗೆ ಮೇಷ್ಟ್ರ ಹೆಂಡತಿ, "ಶುರುವಾಯ್ತಾ?" ಎಂದು ಪಿಸುಗುಟ್ಟಿದರು. ಎರಡನೇ ಸಲ ಇಪ್ಪತ್ತೆರಡನೇ ಸೆಕೆಂಡಿಗೆ, "ಮುಗೀತಾ?" ಮೂರನೇ ಸಲ ಯಾರೂ ತುಟಿ ಬಿಚ್ಚಲಿಲ್ಲ. ಆದರೆ ಹೆಡ್‌ಫೋನಿನಲ್ಲಿ ಏನೋ ಕಮ್ಮಿಯಿತ್ತು. ನೋಡಿದರೆ, ಉಪಕಾರವಾಗಲೆಂದು ಆಕೆ ಫ್ರಿಜ್ ಆರಿಸಿದ್ದರು.

"ಅಮ್ಮ, ಫ್ರಿಜ್ ಹಾಕಿ. ಶೂಟಿಂಗ್ ದಿನ ಅದು ಓಡ್ತಿತ್ತು."

"ಸದ್ದು ಬೇಡ ಅಂತೀರಿ, ಫ್ರಿಜ್ ಹಾಕಿ ಅಂತೀರಿ. ಸುಮ್ನಿರೋದ್ರಲ್ಲೂ ಇಷ್ಟು ತಂಟೇನಾ?"

ಅಷ್ಟರಲ್ಲಿ ಸುದ್ದಿ ತಿಳಿದ ನಿವಾಸಿಗಳ ಸಂಘದ ಕಾರ್ಯದರ್ಶಿ ಧ್ವನಿವರ್ಧಕ ಸಮೇತ ಬಂದರು. ಕಿವಿ ತಡೆಯುವ ಮೊದಲೇ ಮೆಟ್ಟಿಲ ಬಳಿ ನಿಂತು, "ಎಲ್ಲರೂ ಸದ್ದು ಮಾಡದೆ ಇರತಕ್ಕದ್ದು!" ಎಂದು ಕಟ್ಟಡ ನಡುಗುವಂತೆ ಸಾರಿದರು. ಅದುವರೆಗೆ ತೆಪ್ಪಗಿದ್ದವರೆಲ್ಲ ಯಾಕೆ ಎಂದು ಕೇಳಲು ಬಂದರು. ಐದು ನಿಮಿಷದಲ್ಲಿ ಕೋಣೆಯಲ್ಲಿ ಹದಿನಾಲ್ಕು ಜನ.

"ದಯವಿಟ್ಟು ಎಲ್ಲರೂ ಹೊರಗಿರಿ" ಎಂದ ಕಿವಿ.

"ಹೊರಗೆ ಬಿಟ್ರೆ ಮಾತಾಡ್ತಾರ್ರೀ. ಇಲ್ಲಿದ್ರೆ ನನ್ನ ಕಣ್ಣೆದುರಿಗಿರ್ತಾರೆ" ಎಂದು ಕಾರ್ಯದರ್ಶಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಜನ ಕೈಕಟ್ಟಿ, ತಲೆತಗ್ಗಿಸಿ ನಿಂತರು. ಮೇಷ್ಟ್ರು ಆರಾಮಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಇಪ್ಪತ್ತು. ಇಪ್ಪತ್ತೈದು. ಇಪ್ಪತ್ತಾರನೇ ಸೆಕೆಂಡಿಗೆ ಕೆಳಮನೆಯ ಟೈಲರಮ್ಮ ಒಳಗೆ ಬಂದರು. ತಲೆತಗ್ಗಿಸಿದವರನ್ನು ನೋಡಿದರು. ಕುರ್ಚಿ ನೋಡಿದರು.

"ಅಯ್ಯಯ್ಯೋ ಮೇಷ್ಟ್ರೇ! ಮೊನ್ನೆ ತಾನೇ ಪ್ಯಾಂಟಿಗೆ ಅಳತೆ ಕೊಟ್ಟಿದ್ರಲ್ಲಾ!"

ಮೇಷ್ಟ್ರು ಕಣ್ಣು ಬಿಟ್ಟರು. "ಮೊನ್ನೆಯಲ್ಲ, ಎರಡು ತಿಂಗಳಾಯ್ತು. ಎಲ್ಲಮ್ಮ ಪ್ಯಾಂಟು?"

ಟೈಲರಮ್ಮ ಕಿರುಚಿಕೊಂಡು ಮೆಟ್ಟಿಲಿಳಿದರು. ಹದಿನಾಲ್ಕು ಜನರ ನಗೆಗೆ ರೆಕಾರ್ಡರಿನ ಮುಳ್ಳು ಕೊನೆಗೆ ಹೋಗಿ ಬಡಿಯಿತು. ಮೇಷ್ಟ್ರಿಗೆ ಹುರುಪು ಬಂತು. ಹೆಂಡತಿಯ ಕಡೆ ತಿರುಗಿ, "ನೋಡಿದ್ಯಾ? ನನಗೂ ಅಳೋರಿದ್ದಾರೆ. ನಿಂಗೆ ನನಗಿಂತ ಆ ಫ್ರಿಜ್ಜೇ ಹೆಚ್ಚು" ಎಂದರು.

"ಹಂಗಾದ್ರೆ ಇವತ್ತಿಂದ ಅವಳ ಕೈಲೇ ಅಡಿಗೆ ಮಾಡಿಸ್ಕೊಳ್ಳಿ."

ಅಷ್ಟೇ. ಆಕೆ ಗೋಡೆಗೆ ಮುಖ ಮಾಡಿ ಕೂತರು. ಮೇಷ್ಟ್ರು ಕಿಟಕಿಗೆ. ಗಂಡ ಹೆಂಡಿರ ಜಗಳದ ವಾಸನೆ ಬಡಿದದ್ದೇ ಜನ ಬೆಕ್ಕಿನ ಹೆಜ್ಜೆಯಲ್ಲಿ ಜಾರಿದರು. ಎಲ್ಲರಿಗಿಂತ ಮುಂದೆ ಕಾರ್ಯದರ್ಶಿ. ಕೋಣೆಯಲ್ಲಿ ಫ್ರಿಜ್ ಒಂದೇ ಗುಂಯ್‌ಗುಟ್ಟುತ್ತಿತ್ತು. ಇಂಥ ಮೌನ ಯಾವ ಸ್ಟುಡಿಯೋದಲ್ಲೂ ಹುಟ್ಟುವುದಿಲ್ಲವೆಂದು ಹನ್ನೆರಡು ವರ್ಷ ಸಂಸಾರ ಮಾಡಿದ ಕಿವಿಗೆ ಗೊತ್ತಿತ್ತು. ಗುಂಡಿ ಒತ್ತಿದ. ಮೂವತ್ತು, ಐವತ್ತು, ಎಂಬತ್ತು ಸೆಕೆಂಡ್. ಯಾರೂ ಉಸಿರೆತ್ತಲಿಲ್ಲ. ಅವನು ಹೊರಟಾಗ ಹೋಗಿಬನ್ನಿ ಅಂತಲೂ ಅನ್ನಲಿಲ್ಲ.

ಸ್ಟುಡಿಯೋದಲ್ಲಿ ನಲವತ್ತೊಂದು ಪೆಟ್ಟು ಕತ್ತರಿಸಿ, ನಲವತ್ತೊಂದು ತೇಪೆ ಹಾಕಿದ. ಅಪ್ಪನ ತಿದಿಯುಸಿರನ್ನೂ ತೆಗೆದು ಅದೇ ಸದ್ದು ತುಂಬಿದ. ಎಲ್ಲೂ ಹೊಲಿಗೆ ಕಾಣಲಿಲ್ಲ. ನಾಲ್ಕಕ್ಕೆ ಸರಿಯಾಗಿ ನಿರ್ದೇಶಕರು ಬಂದು ಕೂತರು. ಪಕ್ಕದಲ್ಲಿ ಸಂಗೀತ ನಿರ್ದೇಶಕರು. ಈ ದೃಶ್ಯಕ್ಕೆ ಸಂಗೀತ ಕೊಡುವುದನ್ನೇ ಮರೆತಿದ್ದ ಅವರು ತೂಕಡಿಸುತ್ತಿದ್ದರು.

ದೃಶ್ಯ ಓಡಿತು. ಮಗಳ ಕೊನೆಯ ಮಾತಾದ ಮೇಲೆ ಅಪ್ಪ ಹನ್ನೆರಡು ಸೆಕೆಂಡ್ ಸುಮ್ಮನೆ ನಿಂತರು. ಕೋಣೆಯೂ ಅವರ ಜೊತೆ ಸುಮ್ಮನೆ ನಿಂತಿತು. ನಿರ್ದೇಶಕರು ಕಣ್ಣೊರೆಸಿಕೊಂಡು ಎದ್ದು, ಸಂಗೀತ ನಿರ್ದೇಶಕರ ಎರಡೂ ಕೈ ಹಿಡಿದುಕೊಂಡರು.

"ಸಾರ್! ಇಂಥ ಕಡೆ ಮ್ಯೂಸಿಕ್ ಹಾಕದೆ ಬಿಡೋಕೆ ಎಷ್ಟು ಧೈರ್ಯ ಬೇಕು! ಆ ಮೌನ ಇದ್ಯಲ್ಲ, ನೀವು ಈವರೆಗೆ ಮಾಡಿದ್ರಲ್ಲೆಲ್ಲ ಅದೇ ಬೆಸ್ಟು."

ಸಂಗೀತ ನಿರ್ದೇಶಕರು ನಿಧಾನವಾಗಿ ಕಣ್ಣು ತೆರೆದರು. "ಬಹಳ ಕಷ್ಟಪಟ್ಟೆ" ಎಂದರು.

"ಟೈಟಲ್‌ನಲ್ಲಿ ಒಂದು ಜಾಗ ಇದೆ. 'ಮೌನ ಸಂಯೋಜನೆ' ಅಂತ ಬೇರೆಯಾಗೇ ಹಾಕ್ಸ್ತೀನಿ."

ಕಿವಿ ಎದ್ದು ನಿಂತ. "ಸಾರ್, ಆ ಜಾಗ ನಂಗೆ ಅಂದಿದ್ರಿ..."

ನಿರ್ದೇಶಕರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಯಾವ ಮುಖ ಇಟ್ಕೊಂಡು ಕೇಳ್ತೀಯೋ? ಸುತ್ತಿಗೆ ಸುತ್ತಿಗೆ ಅಂತ ಬೆಳಿಗ್ಗೆಯಿಂದ ನನ್ನ ಪ್ರಾಣ ತಿಂದ್ಯಲ್ಲ, ಒಂದಾದ್ರೂ ಪೆಟ್ಟು ಕೇಳಿಸ್ತಾ?"