ಒದರಿದರೆ ಬೀಳುವ ಉಂಗುರ

ತುಮಕೂರಿನ ಚಿನ್ನದಂಗಡಿಯವರು ಕಳ್ಳರಿಗೆ ಹೆದರುತ್ತಾರೋ ಇಲ್ಲವೋ ಗೊತ್ತಿಲ್ಲ. ನಮ್ಮ ಚಿಕ್ಕಪ್ಪನಿಗಂತೂ ಹೆದರುತ್ತಾರೆ! ಅವರು ಗುಬ್ಬಿ ಬಸ್ಸಿಳಿದು ಆ ಬೀದಿಗೆ ಕಾಲಿಟ್ಟರೆ ಸಾಕು, ಎಲ್ಲ ಸೇಲ್ಸ್‌ಮನ್‌ಗಳಿಗೂ ಒಟ್ಟಿಗೇ ಊಟದ ಹೊತ್ತಾಗಿಬಿಡುತ್ತದೆ. ನಮ್ಮ ಮನೆತನದಲ್ಲಿ ಯಾರ ನಿಶ್ಚಿತಾರ್ಥವಾದರೂ ಉಂಗುರ ಆರಿಸುವ ಖಾತೆ ಚಿಕ್ಕಪ್ಪನದು. ಯಾರೂ ಕೊಟ್ಟದ್ದಲ್ಲ, ಅವರೇ ವಹಿಸಿಕೊಂಡದ್ದು.

ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಲೇತ್ ಮೆಷಿನ್ ಓಡಿಸಿ ನಿವೃತ್ತರಾದವರು ಅವರು. ಕಬ್ಬಿಣ ಅಳೆಯುವ ಕ್ಯಾಲಿಪರ್ ಇವತ್ತಿಗೂ ಜೇಬಿನಲ್ಲಿರುತ್ತದೆ. ಅಂಗಡಿಯವರು ತಮ್ಮ ಅಳತೆಯ ಉಂಗುರಗಳನ್ನು ತಂದರೆ, "ಅದ್ನ ಒಳಗಿಡ್ರಿ" ಎಂದು ಕ್ಯಾಲಿಪರ್ ತೆಗೆಯುತ್ತಾರೆ. ಒಂದು ಸಲ ಅಳೆದರೆ ಸಾಕೇ? ನಮ್ಮಕ್ಕನ ಬೆರಳನ್ನು ಬೆಳಗ್ಗೆ ಒಮ್ಮೆ, ಬಟ್ಟೆ ಒಗೆದ ಮೇಲೆ ಒಮ್ಮೆ, ಹೋಳಿಗೆ ಊಟದ ನಡುವೆ ಒಮ್ಮೆ ಅಳೆದರು.

"ನೋಡ್ರಲಾ, ಎರಡು ಹೋಳಿಗೆಗೆ ಅರ್ಧ ಮಿಲಿಮೀಟ್ರು ಊದೈತೆ!"

ಅಕ್ಕ ಮೂರನೇ ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಹೋದಳು.

ಆಮೇಲೆ ಬಂದದ್ದು ನನ್ನ ಸರದಿ. ನಾನು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಮೆಷಿನ್ ಆಪರೇಟರ್. ಹುಡುಗಿ ಕುಣಿಗಲ್‌ನವಳು. ಹುಡುಗನ ಉಂಗುರ ಹೆಣ್ಣಿನ ಕಡೆಯವರು ಕೊಡಿಸುವುದು ವಾಡಿಕೆಯಾದ್ದರಿಂದ ಅವಳೂ ಅವಳ ಅಜ್ಜಿಯೂ ಅಂಗಡಿಗೆ ಬಂದಿದ್ದರು. ಅವರು ಕೊಟ್ಟದ್ದನ್ನು ತೊಟ್ಟು ಹಲ್ಲು ಕಿರಿಯುವುದಷ್ಟೇ ನಮ್ಮ ಕೆಲಸ. ಚಿಕ್ಕಪ್ಪ ಬಿಟ್ಟಾರೆಯೇ?

ಮೊದಲನೆಯ ಉಂಗುರ ಹಾಕಿಕೊಂಡೆ. "ಬಿಗಿ" ಎಂದರು. ಎರಡನೆಯದೂ ಬಿಗಿ, ಐದನೆಯದೂ ಬಿಗಿ.

"ಸರ್, ಇದೇ ಕರೆಕ್ಟ್ ಸೈಜು. ಸಡ್ಲ ಆದ್ರೆ ಕಳ್ದೋಗುತ್ತೆ" ಎಂದ ಸೇಲ್ಸ್‌ಮನ್.

"ಕಳ್ದೋಗ್ಲಿ ಬುಡ್ರಿ!"

ಚಿನ್ನದಂಗಡಿಯಲ್ಲಿ ಇಂಥ ಮಾತನ್ನು ಬೇರೆ ಯಾರಾದರೂ ಆಡಿರಬಹುದೇ? ಆರನೆಯದನ್ನು ತೊಡಿಸಿ, "ಕೈ ಒದರ್ಲಾ" ಎಂದರು. ಒದರಿದೆ. ಉಂಗುರ ಮಾಯ! ಸೆಕ್ಯೂರಿಟಿಯವನು ದಡಬಡನೆ ಶಟರ್ ಎಳೆದ. ನಾವೆಲ್ಲ ಮಂಡಿಯೂರಿ ಶೋಕೇಸುಗಳ ಅಡಿಯೆಲ್ಲ ತಡಕಿದೆವು. ಕೊನೆಗೆ ಅದು ಸಿಕ್ಕಿದ್ದು ಕ್ಯಾಷ್ ಕೌಂಟರಿನ ಗಣಪತಿಯ ಪಾದದ ಹತ್ತಿರ.

"ದೇವ್ರೇ ಒಪ್ಕೊಂಡವ್ನೆ. ಇದೇ ಇರ್ಲಿ" ಎಂದರು ಚಿಕ್ಕಪ್ಪ.

ದೇವರು ಒಪ್ಪಿದರೂ ಅಜ್ಜಿ ಒಪ್ಪಬೇಕಲ್ಲ! "ತೊಟ್ಟ ಉಂಗ್ರ ಜಾರಿ ಬೀಳೋದು ಅಪಶಕುನ. ಇಂಥಾ ಸಂಬಂಧ ನಮ್ಗೆ ಬ್ಯಾಡ. ಏಳವ್ವ, ಕುಣಿಗಲ್ ಬಸ್ ಹಿಡಿಯಾನ" ಎಂದು ಎದ್ದೇಬಿಟ್ಟರು.

ಮುಚ್ಚುಮರೆ ಯಾಕೆ, ಆ ಹುಡುಗಿ ನನಗೆ ತುಂಬ ಇಷ್ಟವಾಗಿದ್ದಳು. "ಬಿಗಿಯಾದದ್ದೇ ಕೊಡ್ಸಿ ಅಜ್ಜಿ" ಎಂದು ಗೋಗರೆದೆ.

ಆಗ ಚಿಕ್ಕಪ್ಪ ವಾದ ಮಾಡದೆ ತಮ್ಮ ಬಲಗೈಯನ್ನು ಕೌಂಟರಿನ ಗಾಜಿನ ಮೇಲೆ ಇಟ್ಟರು. ಆ ಕೈಯ ಉಂಗುರದ ಬೆರಳು ಅರ್ಧಕ್ಕೇ ನಿಂತಿದೆ. ಕಾರ್ಖಾನೆಯವರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡು ಮನೆಯಲ್ಲಿ ನಾವ್ಯಾರೂ ಯಾವತ್ತೂ ಕೇಳಿರಲಿಲ್ಲ.

"ನಂದೂ ನಿಶ್ಚಿತಾರ್ಥದ ಉಂಗ್ರಾನೇ ಕಣವ್ವ. ಬಿಗಿಯಾಗಿತ್ತು. ಮದ್ವೆಗೆ ಮುಂಚೆ ಬಿಚ್ಚಿದ್ರೆ ಅಪಶಕುನ ಅಂದ್ರು, ಹಂಗೇ ಕೆಲ್ಸಕ್ಕೋದೆ. ಮೆಷಿನ್‌ಗೆ ಶಕುನ ಗೊತ್ತಾಗಲ್ಲ. ಉಂಗ್ರ ಹಿಡ್ಕಂತು, ಬೆರಳೂ ಜೊತೇಲಿ ಹೋಯ್ತು. ಸಡ್ಲ ಇದ್ದಿದ್ರೆ ಉಂಗ್ರ ಒಂದೇ ಹೋಗ್ತಿತ್ತು. ಇವ್ನೂ ದಿನಾ ಮೆಷಿನ್ ಮುಂದೇನೇ ನಿಲ್ಲೋನು."

ನಾನು ತಲೆ ತಗ್ಗಿಸಿದೆ. ಇಷ್ಟು ವರ್ಷ ಅವರನ್ನು ನೋಡಿ ನಕ್ಕಿದ್ದೆನಲ್ಲ! ಅಜ್ಜಿ ಮತ್ತೆ ಕುಳಿತು, ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಗ ಹುಡುಗಿ ಹೇಳಿದಳು:

"ಇದೇ ಇರ್ಲಿ ಅಜ್ಜಿ. ಡ್ಯೂಟಿಗೆ ಹೋಗುವಾಗ ಬಿಚ್ಚಿ ನನ್ನ ಕೈಗೆ ಕೊಟ್ಟು ಹೋಗ್ಲಿ. ಬಂದ್ಮೇಲೆ ನಾನೇ ತೊಡಿಸ್ತೀನಿ."

ಮದುವೆಯಾಗಿ ಎರಡು ವರ್ಷವಾಯಿತು. ಎಲ್ಲರಿಗೂ ನಿಶ್ಚಿತಾರ್ಥ ಒಂದೇ ಸಲ, ನನಗೆ ಡ್ಯೂಟಿ ಇದ್ದ ದಿನವೆಲ್ಲ! ಕೆಲಸ ಮುಗಿಸಿ ಬಂದರೆ ಅವಳು ಬಾಗಿಲಲ್ಲೇ ನಿಲ್ಲಿಸಿ ನನ್ನ ಹತ್ತೂ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾಳೆ. ಉಂಗುರ ತೊಡಿಸುವುದು ಆಮೇಲೆ.