ಕಂಪ್ಯೂಟರಿಗೆ ಸಿಕ್ಕ ಪುಸ್ತಕ ನನಗೆ ಸಿಗಲಿಲ್ಲ

ಹೊಸ ಯಂತ್ರ ಬಂದ ಕಡೆ ಇಂಥದ್ದು ಏನಾದರೊಂದು ನಡೀತಾನೇ ಇರುತ್ತೆ. ಎಂಬತ್ತರ ದಶಕದ ಕೊನೆಯಲ್ಲಿ ಕೊಯಮತ್ತೂರಿನ ನಮ್ಮ ಕಾಲೇಜು ಲೈಬ್ರರಿಗೆ ಕಂಪ್ಯೂಟರ್ ಬಂತು. ನಾನಲ್ಲಿ ಟೆಂಪರರಿ ಅಸಿಸ್ಟೆಂಟು. ಪುಸ್ತಕಗಳ ವಿವರವನ್ನೆಲ್ಲ ಅದಕ್ಕೆ ತುಂಬಿಸು, ಕೇಳಿದವರಿಗೆ ಹುಡುಕಿಕೊಡು, ಪರ್ಮನೆಂಟ್ ಮಾಡಿಸ್ತೀನಿ ಅಂದಿದ್ದರು ಲೈಬ್ರರಿಯನ್ ಸಾರ್. ನನ್ನ ಬದುಕೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ತಣ್ಣನೆಯ ಕೋಣೆ

ಕಂಪ್ಯೂಟರಿಗೆ ಏಸಿ ಕೋಣೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಗುಂಯ್ ಅನ್ನೋ ಸದ್ದು, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ನೋಡ್ತಾ ನೋಡ್ತಾ ಕಣ್ಣು ತಾನಾಗೇ ಜೋಲುತ್ತಿತ್ತು. ಟೀ ಗಿಡದ ರೋಗದ ಮೇಲೆ ಪಿಎಚ್.ಡಿ. ಮಾಡುತ್ತಿದ್ದವರೊಬ್ಬರು ವಾಲ್ಪಾರೈಯಿಂದ ಘಾಟಿ ಬಸ್ಸಿನಲ್ಲಿ ಇಳಿದು ಬಂದು, ವಿಷಯ ಹೇಳಿ, ಈ ಕಂಪ್ಯೂಟರ್ ನನ್ನ ಥೀಸಿಸ್ ಬರೆದು ಮುಗಿಸೋವರೆಗೂ ಕಾಯ್ತೀನಿ ಅಂತ ಕೂತರು. ಯಾವ ಪುಸ್ತಕ ಎಲ್ಲಿದೆ ಅಂತಷ್ಟೇ ಅದು ಹೇಳೋದು, ಓದೋದು ಬರೆಯೋದು ನೀವೇ ಅಂದೆ. ಅವರ ಮುಖ ಸಣ್ಣಗಾಯಿತು. ಆದರೆ ಎದ್ದು ಹೋಗಲಿಲ್ಲ. ಅಲ್ಲೇ ನಿದ್ದೆ ಹೊಡೆದು, ಸಂಜೆ ಎದ್ದು ಮೈಮುರಿದು, ಇಷ್ಟು ಒಳ್ಳೆ ಸಂಶೋಧನೆ ಯಾವ ಲೈಬ್ರರಿಯಲ್ಲೂ ಆಗಿರಲಿಲ್ಲ ಅಂದುಬಿಟ್ಟು ಬಸ್ ಹತ್ತಿದರು.

ಎರಡು ಬೀರು

ಕೊನೆಗೆ ಎರಡು ಬೀರು ಕನ್ನಡ ಪುಸ್ತಕ ಉಳಿದವು. ನೀನು ಕನ್ನಡದವನಲ್ಲವಾ, ನೀನೇ ತುಂಬಿಸು ಅಂದರು ಸಾರ್. ನಾವು ತಲೆತಲಾಂತರದಿಂದ ಪಲ್ಲಡಂ ಕಡೆ ನೇಯುವವರು. ಮನೇಲಿ ಕನ್ನಡ, ಸ್ಕೂಲಲ್ಲಿ ತಮಿಳು. ಮಾತಾಡ್ತೀನಿ ಸಾರ್, ಅಕ್ಷರ ಬರಲ್ಲ ಅಂದರೆ ಅವರು ನಂಬಲೇ ಇಲ್ಲ. ಮನೇಲಿ ಯಾರನ್ನಾದರೂ ಕೇಳು ಅಂದರು. ಒಂದು ಪುಸ್ತಕ ಒಯ್ದು ಅಮ್ಮನಿಗೆ ಕೊಟ್ಟೆ. ಅಮ್ಮ ಕಣ್ಣಿಗೊತ್ತಿಕೊಂಡು, ಎಷ್ಟು ಚೆಂದ ಇದೆ ನಮ್ಮ ಎಳುತ್ತು, ನಮ್ಮ ಅಕ್ಷರ ಅಂದಳು. ಪುಸ್ತಕ ತಲೆಕೆಳಗಾಗಿತ್ತು.

ಹೆಣ್ಣು ನೋಡಿದ್ದು

ಅದೇ ಹೊತ್ತಿಗೆ ಕೊಳ್ಳೇಗಾಲದಲ್ಲಿ ಹೆಣ್ಣು ನೋಡಲು ಹೋದೆವು. ಚೀಲದಲ್ಲಿ ಆ ಪುಸ್ತಕವೂ ಇತ್ತು. ಹಾಡ್ತಾಳಾ ಅಂತ ಅಮ್ಮ ಕೇಳಿದಳು. ಹಾಡೆಲ್ಲ ಬೇಡ, ಇದನ್ನು ಓದಲಿ ಅಂದೆ. ದನಗಳ ಕಾಲುಬಾಯಿ ಜ್ವರದ ಪುಸ್ತಕ ಅದು. ಅವಳು ಓದುತ್ತಾ ಹೋದಳು. ಅಷ್ಟು ಇಂಪಾದದ್ದನ್ನು ನಾನು ಕೇಳಿರಲೇ ಇಲ್ಲ, ದೇವರಾಣೆ. ಕಾಫಿ ಆರಿಹೋಯಿತು. ಪುಸ್ತಕ ಮುಚ್ಚಿ, ಈಗ ನೀವು ಓದಿ ಅಂದಳು.

ನನಗೆ ಬರಲ್ಲ ಅಂದೆ. ಲೈಬ್ರರಿ ಕೆಲಸ ಅಂದಿರಲ್ಲ ಅಂತ ಅವಳ ಸೋದರಮಾವ ಎದ್ದೇ ನಿಂತರು. ಅವಳು ತಲೆ ತಗ್ಗಿಸಿ ನಗುತ್ತಾ, ಇಂಥವು ಎಷ್ಟಿವೆ ಅಂದಳು. ಎರಡು ಬೀರು ಅಂದೆ.

"ಅಯ್ಯೋ ಪಾಪ" ಅಂದಳು. ಅದೇ ಒಪ್ಪಿಗೆ. ಇದನ್ನೂ ಹೇಳ್ತಿರೋದು ನಾನು, ಬರೀತಿರೋದು ಅವಳು.

ಆಮೇಲೆ?

ಮದುವೆಯಾದ ಮೇಲೆ ಪುಸ್ತಕಗಳನ್ನು ಚೀಲಚೀಲವಾಗಿ ಮನೆಗೆ ತಂದೆ. ಸಂಜೆ ಮಗ್ಗದ ಸದ್ದು ನಿಂತ ಮೇಲೆ ಅವಳು ಹೆಸರು ಓದೋಳು, ನಾನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವೆ. ಎಷ್ಟೋ ಸಲ ದನಿ ಕೇಳ್ತಾ ಬರೆಯೋದೇ ಮರೆಯುತ್ತಿದ್ದೆ. ಅಮ್ಮ ಕಂಬಕ್ಕೊರಗಿ, ಒಂದೊಂದು ಹೆಸರಿಗೂ "ಆಮೇಲೆ?" ಅನ್ನುತ್ತಿದ್ದಳು. ಒಂದು ದಿನ ರಾಜನ ಚರಿತ್ರೆ, ದೆವ್ವದ ಕಥೆ, ದನದ ರೋಗ ಹೀಗೆ ಸಾಲಾಗಿ ಬಂದವು. ಮರುದಿನ ಪಕ್ಕದ ಮನೆಯವಳಿಗೆ ಅಮ್ಮ ಹೇಳುತ್ತಿದ್ದಳು, ರಾಜನ ಮೈಮೇಲೆ ದೆವ್ವ ಬಂದು ದನವೆಲ್ಲ ಸತ್ತುಹೋದವಂತೆ.

ಪಲ್ಲಡಂ ಬಸ್ಸು

ಎಲ್ಲ ತುಂಬಿಸಿ, ನಂಬರ್ ಚೀಟಿ ಅಂಟಿಸಿ, ಪುಸ್ತಕಗಳನ್ನು ವಾಪಸ್ ಬೀರುವಿಗೆ ಸೇರಿಸಿ ಕೆಲವು ತಿಂಗಳಾದ ಮೇಲೆ ಮದ್ರಾಸಿನಿಂದ ಸಂಶೋಧಕರೊಬ್ಬರು ಬಂದರು. ನೇಯ್ಗೆಯ ಬಗ್ಗೆ ಒಂದು ಕನ್ನಡ ಪುಸ್ತಕ ಬೇಕಂತೆ. ಅವರಿಗೂ ಕನ್ನಡ ಬಾರದು, ಜೆರಾಕ್ಸ್ ಮಾಡಿಸಿ ಮೈಸೂರಿನ ಗೆಳೆಯರಿಂದ ಓದಿಸಬೇಕು. ಗುಂಡಿ ಒತ್ತಿದೆ. ಎರಡನೇ ಬೀರು, ನಂಬರ್ ಇಷ್ಟು ಅಂತ ಕಣ್ಣುಮಿಟುಕಿಸುವಷ್ಟರಲ್ಲಿ ತೋರಿಸಿತು. ಸಾರ್ ಹಿಗ್ಗಿ, ಪುಸ್ತಕ ತಂದುಕೊಡು, ಇವತ್ತೇ ನಿನ್ನ ಪರ್ಮನೆಂಟ್ ಕಾಗದಕ್ಕೆ ಸಹಿ ಹಾಕ್ತೀನಿ ಅಂದರು.

ಬೀರು ತೆಗೆದೆ. ಮೈದಾ ಅಂಟಿನಲ್ಲಿ ಅಂಟಿಸಿದ್ದ ನಂಬರ್ ಚೀಟಿಗಳನ್ನೆಲ್ಲ ಜಿರಳೆ ತಿಂದಿದ್ದವು. ಉಳಿದದ್ದು ಬರೀ ಕನ್ನಡ ಅಕ್ಷರ. ಕೆಲಸ ಹೋಯಿತು ಅಂದುಕೊಂಡೆ.

ಕಂಪ್ಯೂಟರ್ ಆಗಲೇ ಹೇಳಿತಲ್ಲ, ನಿಮಗೆಷ್ಟು ಹೊತ್ತು ಬೇಕು ಅಂದರು ಬಂದವರು.

"ಪಲ್ಲಡಂ ಬಸ್ಸು ಬರೋವರೆಗೆ ಸಾರ್" ಅಂದೆ.

ಮನೆ ಪಕ್ಕದ ಅಂಗಡಿಗೆ ಫೋನ್ ಮಾಡಿದೆ. ಹೆಂಡತಿ ಬಂದಳು, ಚಪ್ಪಲಿ ಬಿಟ್ಟಳು, ನೇರ ಹೋಗಿ ಪುಸ್ತಕ ತೆಗೆದುಕೊಟ್ಟಳು. ಸಾರ್ ಪೆನ್ನು ಹಿಡಿದವರು ಹಾಗೇ ಕೂತರು. ಈಗ ಯಾರನ್ನಮ್ಮ ಪರ್ಮನೆಂಟ್ ಮಾಡಲಿ ಅಂತ ಅವಳನ್ನೇ ಕೇಳಿದರು.

ಅವಳು ಹೊಸದಾಗಿ ಕಲಿತ ತಮಿಳಿನಲ್ಲಿ ನಿಧಾನವಾಗಿ ಹೇಳಿದಳು: "ಅವರನ್ನೇ ಮಾಡಿ ಸಾರ್. ನನಗೆ ಓದೋಕೆ ಬರುತ್ತೆ, ಎಲ್ಲಾದರೂ ಕೆಲಸ ಸಿಗುತ್ತೆ."